ಕೊಕಟನೂರ ಯಲ್ಲಮ್ಮ: ಜಾತ್ರೆ ಇಲ್ಲದ ದಿನವೂ ಹೋಗಿ ಬನ್ನಿ

ಅಥಣಿ ಸೀಮೆಯಲ್ಲಿ ಯಾರಾದರೂ ‘ಯಲ್ಲಮ್ಮಗ ಹೋಗಿ ಬಂದ್ವಿ’ ಅಂದರೆ ‘ಯಾವ ಯಲ್ಲಮ್ಮಗ್ರಿ?’ ಎಂದು ಕೇಳಬೇಕಾಗುತ್ತದೆ. ಸವದತ್ತಿಯ ಗುಡ್ಡದವಳೊಬ್ಬಳು, ಮಹಾರಾಷ್ಟ್ರದ ಜತ್ತದವಳೊಬ್ಬಳು, ನಡುವೆ ಅಥಣಿ ತಾಲ್ಲೂಕಿನ ಪೂರ್ವದ ಬಯಲಿನಲ್ಲಿ ಕೊಕಟನೂರದವಳೊಬ್ಬಳು. ಸವದತ್ತಿಗೆ ಹೋಗುವವರಿಗೆ ದಾರಿ ಹೇಳಲು ಪುಸ್ತಕಗಳಿವೆ, ಫಲಕಗಳಿವೆ. ಕೊಕಟನೂರಕ್ಕೆ ಹೋಗುವವರು ಹೆಚ್ಚಾಗಿ ಹರಕೆ ಹೊತ್ತವರು. ದಾರಿ ಅವರಿಗೆ ಅಜ್ಜ-ಅಜ್ಜಿಯ ಕಾಲದಿಂದ ಗೊತ್ತು. ಹರಕೆ ಇಲ್ಲದವರು, ಒಂದು ರಜೆಯ ದಿನ ಹಳ್ಳಿಯ ದೇವಿಯ ಗುಡಿ ನೋಡಿ ಬರಬೇಕೆನ್ನುವವರು ಏನು ಮಾಡಬೇಕು ಎನ್ನುವುದಕ್ಕೆ ಈ ಬರಹ.

ಮೊದಲಿಗೇ ಒಂದು ಮಾತು. ದೇವಿಯ ದರ್ಶನಕ್ಕೆ, ಗದ್ದಲವಿಲ್ಲದ ದಿನ, ಅರ್ಧ ತಾಸು ಸಾಕು. ಆದರೂ ಇಡೀ ದಿನ ಇಟ್ಟುಕೊಳ್ಳಿ. ಈ ದೇವಿಗೆ ನಡೆದುಕೊಳ್ಳುವವರು ದನ ಕಟ್ಟುವವರು, ತೊಗಲು ಹದ ಮಾಡುವವರು, ದ್ರಾಕ್ಷಿ ಬಳ್ಳಿ ಹಬ್ಬಿಸುವವರು, ಕೊಡ ಹೊತ್ತು ಚೌಡಿಕೆ ನುಡಿಸುವವರು. ಅವರ ಕೆಲಸದ ಜಾಗಗಳೆಲ್ಲ ಗುಡಿಯಿಂದ ತಾಸು-ಒಂದೂವರೆ ತಾಸಿನ ಹಾದಿಯೊಳಗೇ ಇವೆ. ಗರ್ಭಗುಡಿಯ ಮುಂದೆ ಕೈ ಮುಗಿದು ನೇರ ಮನೆಗೆ ತಿರುಗಿದರೆ ಯಲ್ಲಮ್ಮನ ಮುಖ ಕಂಡೀತು, ಯಲ್ಲಮ್ಮನ ಸೀಮೆ ಕಾಣುವುದಿಲ್ಲ.

ಹೋಗುವುದು ಹೇಗೆ

ಅಥಣಿಗೆ ರೈಲು ಇಲ್ಲ. ಮಿರಜ–ಲೋಂಡಾ ಮಾರ್ಗದಲ್ಲಿ ಕುಡಚಿ ಅಥವಾ ಉಗಾರ ಖುರ್ದದಲ್ಲಿ ಇಳಿದು ಬಸ್ಸು ಹಿಡಿಯಬೇಕು. ಬೆಂಗಳೂರು ಕಡೆಯಿಂದ ಬರುವವರಿಗೆ ರಾತ್ರಿ ಹೊರಡುವ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಅನುಕೂಲ. ಬೆಳಗಾವಿ ದಾಟಿ ಕುಡಚಿಯಲ್ಲಿ ಇಳಿದರೆ ಅಥಣಿ ಹತ್ತಿರ. ವಿಜಯಪುರದಿಂದ ರಸ್ತೆಯಲ್ಲಿ ಸುಮಾರು 75 ಕಿ.ಮೀ.; ತಿಕೋಟಾ, ಹೊನವಾಡ, ತೆಲಸಂಗದ ಕಡೆಯಿಂದ ಬರುವ ಈ ದಾರಿಯಲ್ಲಿ ಕೊಕಟನೂರ ಸೀಮೆ ಅಥಣಿಗಿಂತ ಮೊದಲೇ ಸಿಗುತ್ತದೆ. ಸ್ವಂತ ವಾಹನದವರು ಹಾಗಾಗಿ ಗುಡಿ ಮುಗಿಸಿಕೊಂಡು ಅಥಣಿಗೆ ಹೋಗುವುದೇ ಜಾಣತನ. ಬೆಳಗಾವಿಯವರು ನಸುಕಿನಲ್ಲೇ ಹೊರಡಬೇಕು. ಜಿಲ್ಲೆ ಒಂದೇ ಆದರೂ ಹಾದಿ ಸಣ್ಣದಲ್ಲ. ಜಿಲ್ಲಾ ಕಚೇರಿಯ ಕೆಲಸಕ್ಕೆ ಇಡೀ ದಿನ ಕಳೆಯುವ ಅಥಣಿಯವರಿಗೆ ಈ ಮಾತು ಹೇಳಬೇಕಾಗಿಲ್ಲ.

ಅಥಣಿ ಬಸ್ ನಿಲ್ದಾಣದಿಂದ ಕೊಕಟನೂರಕ್ಕೆ ವಾಯವ್ಯ ಸಾರಿಗೆಯ ಕೆಂಪು ಬಸ್ಸುಗಳಿವೆ. ತಾಸಿನೊಳಗಿನ ಪಯಣ. ಫಲಕ ಓದಿ ಹತ್ತುವುದಕ್ಕಿಂತ ಕಂಟ್ರೋಲರ್ ಕೋಣೆಯ ಕಿಟಕಿಯಲ್ಲಿ ಕೇಳುವುದು ಲೇಸು, ಮರಳುವ ಕೊನೆಯ ಬಸ್ಸು ಎಷ್ಟಕ್ಕೆ ಎನ್ನುವುದನ್ನೂ ಅಲ್ಲೇ ಕೇಳಿಟ್ಟುಕೊಳ್ಳಿ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಈ ಬಸ್ಸುಗಳು ಉಚಿತ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಜೊತೆಗಿರಲಿ. ಮಿರಜ, ಸಾಂಗಲಿಯಿಂದ ಬರುವ ಮಹಾರಾಷ್ಟ್ರದ ಸಾರಿಗೆ ಬಸ್ಸುಗಳಿಗೆ ಇದು ಅನ್ವಯಿಸುವುದಿಲ್ಲ. ಗಡಿಯ ನಿಲ್ದಾಣಗಳಲ್ಲಿ ಎರಡೂ ರಾಜ್ಯದ ಬಸ್ಸುಗಳು ಒತ್ತೊತ್ತಾಗಿ ನಿಂತಿರುವುದರಿಂದ ಈ ಗೊಂದಲ ಆಗುತ್ತಲೇ ಇರುತ್ತದೆ.

ಯಾವ ದಿನ, ಯಾವ ಕಾಲ

ಮಂಗಳವಾರ, ಶುಕ್ರವಾರ ದೇವಿಯ ವಾರ. ಹುಣ್ಣಿಮೆ, ಅಮಾವಾಸ್ಯೆಗೂ ಜನ ಸೇರುತ್ತಾರೆ. ಚೌಡಿಕೆ ಹಾಡು ಕೇಳಬೇಕು, ದೇವಿಯ ಬುಟ್ಟಿಯಾದ ಪಡಲಗಿ ತುಂಬುವುದನ್ನು ನೋಡಬೇಕು ಎನ್ನುವವರು ಈ ದಿನಗಳಲ್ಲೇ ಬರಬೇಕು. ಸುಮ್ಮನೆ ಕಟ್ಟೆಯ ಮೇಲೆ ಕುಳಿತು ಬರುವವರಿಗೆ ಬುಧವಾರವೋ ಗುರುವಾರವೋ ಸಾಕು. ದೊಡ್ಡ ಜಾತ್ರೆ ಚಳಿಗಾಲದಲ್ಲಿ. ತಿಥಿಯ ಮೇಲೆ ನಡೆಯುವುದರಿಂದ ತಾರೀಖು ಪ್ರತಿ ವರ್ಷ ಹಿಂದೆಮುಂದೆ ಸರಿಯುತ್ತದೆ, ಅಥಣಿ ಕಡೆಯ ಪರಿಚಯದವರನ್ನು ಕೇಳಿಯೇ ಹೊರಡಿ. ಜಾತ್ರೆಯಲ್ಲಿ ಭಂಡಾರ (ಅರಿಷಿಣದ ಪುಡಿ) ಹಾರುವ ಗಾಳಿ, ‘ಉಧೋ ಉಧೋ’ ಕೂಗು, ಬೆಂಡು-ಬತ್ತಾಸಿನ ಅಂಗಡಿಗಳ ಸಾಲು, ಚಕ್ಕಡಿ ಬಿಚ್ಚಿ ಬೀಡು ಬಿಟ್ಟವರ ಒಲೆಗಳ ಹೊಗೆ ಎಲ್ಲ ಇರುತ್ತವೆ. ಸಣ್ಣ ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಮಾತ್ರ ಜಾತ್ರೆಯ ನಡುವಿನ ದಿನ ಬೇಡ.

ಮಾರ್ಚಿನಿಂದ ಮೇವರೆಗೆ ಬಿಸಿಲು ಬಲು ಜೋರು. ಕೃಷ್ಣೆ ಇದೇ ತಾಲ್ಲೂಕಿನಲ್ಲಿ ಹರಿದರೂ ಅದು ದಕ್ಷಿಣದ ಅಂಚಿನಲ್ಲಿ. ನದಿ ದಂಡೆಯ ಊರುಗಳ ಕಬ್ಬಿನ ಹಸಿರು ಪೂರ್ವಕ್ಕೆ ಹೋದಂತೆ ಕರಗಿ, ಜೋಳ, ಕಡಲೆ, ಜಾಲಿಗಿಡದ ಒಣ ಸೀಮೆ ಶುರುವಾಗುತ್ತದೆ. ಬಸ್ಸಿನ ಕಿಟಕಿಯಿಂದ ಈ ಬದಲಾವಣೆಯನ್ನು ನೋಡಿ; ಮಳೆ ಕಡಿಮೆಯಾದ ನೆಲದಲ್ಲಿ ದನವೇ ಯಾಕೆ ಆಸ್ತಿಯಾಯಿತು, ದೇವಿಯ ಜಾತ್ರೆಗೂ ದನದ ಜಾತ್ರೆಗೂ ಯಾಕೆ ಒಂದೇ ಬಯಲಾಯಿತು ಎನ್ನುವುದು ಹೇಳಿಸಿಕೊಳ್ಳದೆ ತಿಳಿಯುತ್ತದೆ. ಡಿಸೆಂಬರ್–ಜನವರಿಯಲ್ಲಿ ಬಂದರೆ ಹೊಲದಲ್ಲಿ ಹಾಲ್ದುಂಬಿದ ಜೋಳ, ಸುಲಗಾಯಿ. ಬೆಂಕಿಯಲ್ಲಿ ಸುಟ್ಟು ತಿಕ್ಕಿ ಕೊಟ್ಟ ಸೀತನಿ ತಿನ್ನುವ ಯೋಗ ಯಾರದಾದರೂ ಹೊಲದಲ್ಲಿ ಒದಗಿದರೆ ಬೇಡ ಅನ್ನಬೇಡಿ.

ಗುಡಿಯಲ್ಲಿ

ಯಲ್ಲಮ್ಮನ ಕಥೆ ನಿಮಗೆ ಗೊತ್ತಿರಬಹುದು: ಜಮದಗ್ನಿಯ ಹೆಂಡತಿ ರೇಣುಕೆ, ಉಸುಕಿನಲ್ಲೇ ಕೊಡ ಮಾಡಿ ಹಾವನ್ನೇ ಸಿಂಬಿಯಾಗಿಸಿ ದಿನವೂ ನೀರು ತರುತ್ತಿದ್ದವಳು, ಒಂದು ದಿನ ಮನಸ್ಸು ಕದಲಿ ಕೊಡ ಕಟ್ಟದೆ ಹೋಯಿತು, ಗಂಡ ಶಪಿಸಿದ, ಮಗ ಪರಶುರಾಮ ತಂದೆಯ ಮಾತಿಗೆ ತಾಯಿಯ ತಲೆ ಕಡಿದ, ವರ ಬೇಡಿ ಮತ್ತೆ ಬದುಕಿಸಿಕೊಂಡ. ಸಂಸ್ಕೃತ ಪುರಾಣ ಇಲ್ಲಿಗೆ ಮುಗಿಸುತ್ತದೆ. ಚೌಡಿಕೆಯವರ ಹಾಡಿನಲ್ಲಿ ಕಥೆ ಇಲ್ಲಿಂದ ಮುಂದೆ ಬೆಳೆಯುತ್ತದೆ: ಮೈತುಂಬ ರೋಗ ಹತ್ತಿದ ರೇಣುಕೆ ಅಡವಿಯಲ್ಲಿ ಅಲೆಯುವುದು, ಏಕಯ್ಯ-ಜೋಗಯ್ಯರ ಆರೈಕೆಯಲ್ಲಿ ಗುಣವಾಗುವುದು, ಕೇರಿಯ ಮಾತಂಗಿಯ ಸಂಗ. ಕೈ ಮುಗಿಯಲು ಬರುವವರಲ್ಲಿ ಹೆಣ್ಣುಮಕ್ಕಳು, ಕೇರಿಯ ಜನ ಯಾಕೆ ಹೆಚ್ಚು ಎನ್ನುವುದಕ್ಕೆ ಉತ್ತರ ಈ ಎರಡನೇ ಅರ್ಧದಲ್ಲಿದೆ.

ಬರಿಗೈಯಲ್ಲಿ ಹೋದರೂ ನಡೆಯುತ್ತದೆ. ಕೊಡುವುದಿದ್ದರೆ ಕಾಯಿ, ಕರ್ಪೂರ, ಭಂಡಾರ ಸಾಕು. ಹೆಣ್ಣುಮಕ್ಕಳು ಉಡಿ ತುಂಬುವುದಾದರೆ ಹಸಿರು ಖಣ, ಹಸಿರು ಬಳೆ, ಅಕ್ಕಿ, ಉತ್ತತ್ತಿ, ಅರಿಷಿಣದ ಕೊಂಬು. ಗುಡಿಯ ಮುಂದಿನ ಅಂಗಡಿಯಲ್ಲೇ ಕೊಳ್ಳಿ, ಆ ವ್ಯಾಪಾರವೇ ಅಂಗಡಿಯವರ ವರ್ಷದ ಕೂಳು. ಬಿಳಿ ಅಂಗಿಯ ಮೇಲೆ ಭಂಡಾರದ ಕಲೆ ಬಿದ್ದರೆ ಸುಲಭಕ್ಕೆ ಹೋಗುವುದಿಲ್ಲ ಎಂಬ ಲೌಕಿಕ ಎಚ್ಚರಿಕೆಯೂ ಇರಲಿ. ದೀಡ ನಮಸ್ಕಾರ ಹಾಕುವವರು ಎದುರಾದರೆ ದಾರಿ ಬಿಡಿ, ಅವರ ಮೇಲೆ ನೀರು ಚೆಲ್ಲುವವರಿಗೂ ಜಾಗ ಬೇಕು. ಮನೆಯವರು ಕಲ್ಲು ಹೂಡಿ ಒಲೆ ಹಚ್ಚಿ ಹೋಳಿಗೆ, ಕಡಬು, ವಡೆ, ಅನ್ನ ಮಾಡಿ ಪಡಲಗಿ ತುಂಬುತ್ತಿದ್ದರೆ ತುಸು ದೂರ ನಿಂತು ನೋಡಿ. ಹೆಚ್ಚಿನವರು ತಾವಾಗಿಯೇ ಕರೆದು ಎಲೆ ಹಾಕುತ್ತಾರೆ. ಉಣ್ಣಲು ಕೂತರೆ ಪೂರ್ತಿ ಉಂಡೇ ಏಳಬೇಕು.

ಚೌಡಿಕೆಯನ್ನು ಹತ್ತಿರದಿಂದ ಒಮ್ಮೆ ನೋಡಿ. ಕಟ್ಟಿಗೆಯ ಟೊಳ್ಳು ಕೊಳವೆ, ಒಂದು ಬಾಯಿಗೆ ಬಿಗಿದ ತೊಗಲು, ಅದರ ನಡುವಿನಿಂದ ಎಳೆದು ಗೂಟಕ್ಕೆ ಕಟ್ಟಿದ ಒಂದೇ ತಂತಿ. ಕಂಕುಳಲ್ಲಿ ಒತ್ತಿ ಹಿಡಿದು ಮೀಟಿದರೆ ತಾಳವೂ ಅದೇ, ಸ್ವರವೂ ಅದೇ. ಶ್ರುತಿಗೆ ಪಕ್ಕದಲ್ಲಿ ತುಂತುಣಿ. ಈ ಹಾಡುಗಬ್ಬದ ಹಿರಿಮೆ ನಾಡಿಗೆಲ್ಲ ಗೊತ್ತಾದದ್ದು ತಡವಾಗಿ. ಯಲ್ಲಮ್ಮನಿಗೆ ಮುಡಿಪಾದ ಜೋಗತಿ ಪರಂಪರೆಯಿಂದ ಬಂದ ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು.

ಫೋಟೊ ವಿಷಯ ಕಟ್ಟುನಿಟ್ಟಾಗಿ ಹೇಳಬೇಕು. ಕೊಡ ಹೊತ್ತ ಜೋಗಮ್ಮನೋ ಜೋಗಪ್ಪನೋ ಕಂಡ ಕೂಡಲೇ ಮೊಬೈಲು ಎತ್ತುವುದು ಈಗ ಎಲ್ಲ ಗುಡಿಗಳಲ್ಲೂ ಪಿಡುಗು. ‘ಯವ್ವಾ, ಒಂದ್ ಫೋಟೊ ತಗೀಲೇನ್ರಿ?’ ಎಂದು ಕೇಳಿ. ಬೇಡ ಅಂದರೆ ಬೇಡ. ಹಾಡಿಸಿಕೊಂಡು ಎದ್ದು ಹೋಗಬೇಡಿ, ಪಡಲಗಿಗೆ ಕಾಣಿಕೆ ಹಾಕಿ. ರೀಲಿಗೆ ಸಿಕ್ಕುವ ಲೈಕುಗಳು ಹಾಡಿದವರ ಹೊಟ್ಟೆಗೆ ಬರುವುದಿಲ್ಲ.

ಗುಡಿಯ ಇನ್ನೊಂದು ಚರಿತ್ರೆ

ಇದನ್ನು ಬಿಟ್ಟು ಯಲ್ಲಮ್ಮನ ಕ್ಷೇತ್ರಗಳ ಬಗ್ಗೆ ಬರೆಯುವುದು ಅಪ್ರಾಮಾಣಿಕ. ಈ ಸೀಮೆಯಲ್ಲಿ ಬಡ ದಲಿತ ಮನೆಗಳ ಹೆಣ್ಣುಮಕ್ಕಳನ್ನು ದೇವಿಯ ಹೆಸರಿನಲ್ಲಿ ಮುತ್ತು ಕಟ್ಟಿ ಬಿಡುವ ದೇವದಾಸಿ ಪದ್ಧತಿ ತಲೆಮಾರುಗಳ ಕಾಲ ನಡೆಯಿತು. ಮುತ್ತು ಕಟ್ಟಿಸಿಕೊಂಡ ಹುಡುಗಿಗೆ ಮದುವೆ ಇಲ್ಲ. ಊರ ಉಳ್ಳವರ ಕಣ್ಣಿಗೆ ಅವಳು ಎಲ್ಲರ ಸೊತ್ತು. ಅವಳ ಮಗುವಿಗೆ ಶಾಲೆಯ ದಾಖಲೆಯಲ್ಲಿ ಅಪ್ಪನ ಹೆಸರಿಲ್ಲ. ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿದ್ದಾಗಲೇ, 1934ರಲ್ಲಿ, ಇದರ ವಿರುದ್ಧ ಕಾನೂನು ಬಂದಿತ್ತು. ಕರ್ನಾಟಕ 1982ರಲ್ಲಿ ಇನ್ನೂ ಬಿಗಿಯಾದ ಕಾಯ್ದೆ ಮಾಡಿತು: ಮುತ್ತು ಕಟ್ಟುವ ವಿಧಿಯಲ್ಲಿ ಪಾಲ್ಗೊಂಡವರಿಗೆ ಮೂರು ವರ್ಷದವರೆಗೆ ಸೆರೆ, ಹುಡುಗಿಯ ತಂದೆ-ತಾಯಿ ಅಥವಾ ಪೋಷಕರೇ ಮಾಡಿದ್ದರೆ ಐದು ವರ್ಷದವರೆಗೆ.

ಕಾಯ್ದೆ ಬಂದ ಮೇಲೆ ನಿಜವಾದ ಕೆಲಸ ಮಾಡಿದವರು ಇದೇ ಸೀಮೆಯವರು. ಅಥಣಿಯ ವಕೀಲ ಬಿ.ಎಲ್. ಪಾಟೀಲರು 1985ರಲ್ಲಿ ವಿಮೋಚನಾ ಸಂಘ ಕಟ್ಟಿದರು. ದೊಡ್ಡವರ ಮನಸ್ಸು ತಿರುಗಿಸುವುದಕ್ಕಿಂತ ಮಕ್ಕಳನ್ನು ಶಾಲೆಗೆ ತರುವುದೇ ದಾರಿ ಎಂದು ಮಲಾಬಾದದಲ್ಲಿ ದೇವದಾಸಿಯರ ಮಕ್ಕಳಿಗಾಗಿ ವಸತಿ ಶಾಲೆ ತೆರೆದರು. ಘಟಪ್ರಭೆಯಲ್ಲಿ 1997ರಲ್ಲಿ ಶುರುವಾದ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ ಮಾಜಿ ದೇವದಾಸಿಯರೇ ನಡೆಸುವಂಥದು. ಅದರ ಮುಂದಾಳು, ತಾವೂ ಎಳವೆಯಲ್ಲಿ ಮುತ್ತು ಕಟ್ಟಿಸಿಕೊಂಡಿದ್ದ ಸೀತವ್ವ ಜೋಡಟ್ಟಿಯವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಚೌಡಿಕೆ ಹಿಡಿದ ಮುದುಕಿಯೊಬ್ಬಳ ಮುಂದೆ ಕೂತಾಗ ಈ ಹಿನ್ನೆಲೆ ನಿಮಗೆ ಗೊತ್ತಿದ್ದರೆ ಸಾಕು. ಅವಳ ಕಥೆಯನ್ನು ಕೆದಕಿ ಕೇಳುವ ಹಕ್ಕು ಪ್ರವಾಸಿಗಿಲ್ಲ. ಹೇಳಿದರೆ ಕೇಳಿ. ಗುಡಿಯ ಸುತ್ತ ಎಳೆಯ ಹುಡುಗಿಯೊಬ್ಬಳಿಗೆ ಇಂಥದ್ದೇನೋ ನಡೆಯುತ್ತಿದೆ ಎಂಬ ಅನುಮಾನ ಬಂದರೆ ಮಾತ್ರ ಸುಮ್ಮನಿರಬಾರದು. ಮಕ್ಕಳ ಸಹಾಯವಾಣಿ 1098, ಪೊಲೀಸ್ 112.

ದನದ ಬಯಲು

ಜಾತ್ರೆಗೆ ಹೋದವರು ದನದ ಸಂತೆ ನೋಡದೆ ಬರಬಾರದು. ಇಲ್ಲಿ ನೋಡಬೇಕಾದದ್ದು ಖಿಲಾರಿ. ಬೂದು ಬೆರೆತ ಬಿಳಿ ಮೈ, ಹಿಂದಕ್ಕೆ ಬಾಗಿ ಮೇಲೆದ್ದ ಚೂಪು ಕೋಡು, ಉದ್ದ ಮುಖ, ಚುರುಕು ನಡಿಗೆ. ಬೆಳಗಾವಿ, ವಿಜಯಪುರ, ಸಾಂಗಲಿ, ಸೋಲಾಪುರ, ಸಾತಾರಾ ಸೀಮೆಯ ಈ ತಳಿ ಹಾಲಿಗಲ್ಲ, ದುಡಿಮೆಗೆ. ಒಣ ಮೇವಿನಲ್ಲಿ ಬದುಕುತ್ತದೆ, ಕರಿ ನೆಲದಲ್ಲಿ ಬಾಗದೆ ಎಳೆಯುತ್ತದೆ. ಟ್ರ್ಯಾಕ್ಟರು ಬಂದ ಮೇಲೂ ಇದು ಉಳಿದದ್ದಕ್ಕೆ ಕಬ್ಬಿನ ಗಾಡಿ ಒಂದು ಕಾರಣ, ಶೋಕಿ ಇನ್ನೊಂದು. ಜೋಡಿ ಹೋರಿಗೆ ಕೋಡು ಹೆರೆದು ಬಣ್ಣ ಹಚ್ಚಿ ಗೊಂಡೆ ಕಟ್ಟಿ ನಿಲ್ಲಿಸಿದವನ ಮುಖದ ಗತ್ತು ನೋಡಿದರೆ ಯಾವುದು ಹೆಚ್ಚಿನ ಕಾರಣ ಎಂದು ನೀವೇ ಹೇಳುತ್ತೀರಿ.

ವಯಸ್ಸು ಹಲ್ಲಿನಿಂದ: ಹಾಲಹಲ್ಲಿನದು, ಎರಡು ಹಲ್ಲಿನದು, ನಾಲ್ಕು, ಆರು, ಕೊನೆಗೆ ಬಾಯಿಗೂಡಿದ್ದು. ದಲ್ಲಾಳಿ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ದರ ಕುದುರಿಸುವ ಹಳೇ ರೀತಿ ಇಂಥ ಸಂತೆಗಳಲ್ಲಿ ಈಗಲೂ ಕಾಣುತ್ತದೆ. ನಡುವೆ ಬಾಯಿ ಹಾಕಬೇಡಿ. ಹೋರಿಯ ಹಿಂದೆ ನಿಲ್ಲಬೇಡಿ, ಕೊಡೆ ಬಿಚ್ಚಿ ಬೆದರಿಸಬೇಡಿ. 2022ರಲ್ಲಿ ಚರ್ಮಗಂಟು ರೋಗ ಹಬ್ಬಿದಾಗ ರಾಜ್ಯದಲ್ಲಿ ದನದ ಸಂತೆ-ಜಾತ್ರೆಗಳಿಗೆ ತಡೆ ಬಿದ್ದಿತ್ತು. ಅಂಥ ರೋಗದ ಸುದ್ದಿ ಇದ್ದ ವರ್ಷ ಸಂತೆ ಇದೆಯೋ ಇಲ್ಲವೋ ಮೊದಲೇ ವಿಚಾರಿಸಿ. ಪಶು ವೈದ್ಯಕೀಯ ಕಾಲೇಜು ಕೊಕಟನೂರಕ್ಕೇ ಬಂದಿರುವುದು ಈ ಬಯಲಿನ ಲೆಕ್ಕದಲ್ಲಿ ಸರಿಯಾದ ಜಾಗಕ್ಕೇ ಬಂದಂತಾಗಿದೆ.

ಮಧ್ಯಾಹ್ನ ಅಥಣಿಗೆ

ಊಟಕ್ಕೆ ಅಥಣಿಗೇ ಬಂದುಬಿಡಿ. ಖಾನಾವಳಿಯಲ್ಲಿ ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಎಣಗಾಯಿ, ಕಾಳಿನ ಪಲ್ಯ, ಶೇಂಗಾ ಹಿಂಡಿ, ಮೊಸರು. ರೊಟ್ಟಿ ಎಷ್ಟು ಎಂದು ಮೊದಲೇ ಹೇಳದೆ ಕೂತರೆ ಬರುತ್ತಲೇ ಇರುತ್ತವೆ.

ಆಮೇಲೆ ಚಪ್ಪಲಿ. ಗುಡಿಗೆ ಹೋಗುವ ಮೊದಲು ಕೊಂಡರೆ ಹೊಸದನ್ನು ಬಾಗಿಲಲ್ಲಿ ಬಿಟ್ಟು ದೇವಿಯ ಮುಂದೆ ಚಪ್ಪಲಿಯ ಧ್ಯಾನ ಮಾಡಬೇಕಾಗುತ್ತದೆ, ಅದಕ್ಕೇ ಈ ಕ್ರಮ. ‘ಕೊಲ್ಹಾಪುರಿ’ ಎಂದು ಜಗತ್ತು ಕರೆಯುವ ಚಪ್ಪಲಿಯ ದೊಡ್ಡ ಪಾಲು ತಯಾರಾಗುವುದು ಅಥಣಿ, ನಿಪ್ಪಾಣಿ, ಮದಭಾವಿ ಕಡೆಯ ಮನೆಗಳಲ್ಲಿ. ಮಾರುಕಟ್ಟೆ ಕೊಲ್ಹಾಪುರದ್ದಾಗಿದ್ದರಿಂದ ಹೆಸರು ಅದರದಾಯಿತು. 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಾಗ ಎರಡೂ ರಾಜ್ಯಕ್ಕೆ ಸಮಪಾಲು: ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೋಲಾಪುರ ಅತ್ತ, ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಇತ್ತ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್ ನಗರದ ಫ್ಯಾಷನ್ ಪ್ರದರ್ಶನದಲ್ಲಿ ಇದೇ ಮಾದರಿಯನ್ನು ಮೂಲದ ಹೆಸರೆತ್ತದೆ ತೋರಿಸಿ, ಗಲಾಟೆಯಾದ ಮೇಲೆ ಭಾರತದ ಕುಶಲಕರ್ಮಿಗಳ ಋಣ ಒಪ್ಪಿಕೊಂಡಿತು. ಆಗಲೂ ಪತ್ರಿಕೆಗಳಲ್ಲಿ ಮಿಂಚಿದ್ದು ಹೆಚ್ಚಾಗಿ ಕೊಲ್ಹಾಪುರದ ಹೆಸರೇ. ಅಥಣಿಯವರಿಗೆ ಇದು ಹೊಸದಲ್ಲ.

ಅಸಲಿ ಜೋಡು ಗುರುತಿಸುವುದು ಕಷ್ಟವಿಲ್ಲ. ತೊಗಲನ್ನು ಜಾಲಿ ತೊಗಟೆ, ಅಳಲೆಕಾಯಿಯ ನೀರಿನಲ್ಲಿ ವಾರಗಟ್ಟಲೆ ನೆನೆಸಿ ಹದ ಮಾಡಿರುತ್ತಾರೆ. ಬಣ್ಣ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ, ವಾಸನೆ ರಾಸಾಯನಿಕದ್ದಲ್ಲ. ತಿರುವಿ ನೋಡಿ: ಅಟ್ಟೆಗೆ ಮೊಳೆ ಇರಬಾರದು, ಹೊಲಿಗೆ ತೊಗಲ ಎಳೆಯದೇ ಆಗಿರಬೇಕು. ಅಟ್ಟೆಗೆ ಎಮ್ಮೆಯ ತೊಗಲು. ಮೇಲಿನ ಸಣ್ಣ ಹೆಣಿಗೆ, ಜಡೆ ಕೆಲಸ ಹೆಚ್ಚಾಗಿ ಮನೆಯ ಹೆಣ್ಣುಮಕ್ಕಳದು. ತೊಗಲು ಹದ ಮಾಡುವ ಢೋರರು, ಹೊಲಿಯುವ ಸಮಗಾರರು ಯಾವ ಗುಡಿಯ ಒಳಕ್ಕೆ ಎಷ್ಟು ದೂರ ಹೋಗಬಹುದಿತ್ತು ಎನ್ನುವುದು ಈ ಸೀಮೆಯ ಹಿರಿಯರಿಗೆ ನೆನಪಿರುವ ವಿಷಯ. ಬೆಲೆ ಕೆಲಸದ ಮೇಲೆ, ನೂರುಗಳಿಂದ ಸಾವಿರಗಳವರೆಗೆ. ಅಂಗಡಿಯಲ್ಲಿ ಚೌಕಾಸಿ ಮಾಡಿ, ಹೊಲಿದವರ ಮನೆ ಬಾಗಿಲಲ್ಲಿ ಬೇಡ. ಹೊಸ ಜೋಡು ಮೊದಲ ವಾರ ಹೆಬ್ಬೆರಳ ಸಂದಿ ಕಚ್ಚುತ್ತದೆ. ಅಲ್ಲಿಗೆ ಎಣ್ಣೆ ಸವರಿ ದಿನಕ್ಕೆ ಸ್ವಲ್ಪ ಹೊತ್ತು ಮೆಟ್ಟಿ, ಮಳೆಯಲ್ಲಿ ಹಾಕಬೇಡಿ, ನೆನೆದರೆ ನೆರಳಲ್ಲೇ ಒಣಗಿಸಿ.

ಊರಲ್ಲೇ ಗಚ್ಚಿನಮಠವಿದೆ. ಅಥಣಿ ಶಿವಯೋಗಿಗಳೆಂದು ಹೆಸರಾದ ಮುರುಘೇಂದ್ರ ಶಿವಯೋಗಿಗಳ (1836–1921) ನೆಲೆ. ಅವರು ಹುಟ್ಟಿದ್ದು ಇದೇ ತಾಲ್ಲೂಕಿನ ನದಿ ಇಂಗಳಗಾಂವದಲ್ಲಿ. ಗುಡಿಯ ಗದ್ದಲದಿಂದ ಬಂದವರಿಗೆ ಇಲ್ಲಿಯ ಮೌನ ಹಿತ.

ಸ್ವಂತ ವಾಹನವಿದ್ದು ಫೆಬ್ರುವರಿಯಿಂದ ಏಪ್ರಿಲ್ ನಡುವೆ ಬಂದಿದ್ದರೆ ಐಗಳಿ, ತೆಲಸಂಗ ಭಾಗದ ಒಣದ್ರಾಕ್ಷಿ ಶೆಡ್ಡುಗಳನ್ನೂ ನೋಡಬಹುದು. ಹಸಿರು ಬಲೆಯ ನೆರಳಲ್ಲಿ ಅಟ್ಟದ ಮೇಲೆ ಅಟ್ಟ ಹರವಿದ ಗೊಂಚಲು ಸುಮಾರು ಎರಡು ವಾರದಲ್ಲಿ ಒಣದ್ರಾಕ್ಷಿಯಾಗುತ್ತದೆ. ಮಾಲೀಕರನ್ನು ಕೇಳಿಯೇ ಒಳಗೆ ಹೋಗಿ. ಕಿಲೋಗಟ್ಟಲೆ ಕೊಳ್ಳುವುದಾದರೆ ಪೇಟೆಗಿಂತ ಅಗ್ಗಕ್ಕೂ ಸಿಗುತ್ತದೆ.

ಸಂಜೆ ಕುಡಚಿಗೆ ರೈಲು ಹಿಡಿಯಲು ಹೊರಟವರಿಗೆ ವೇಳೆ ಉಳಿದರೆ, ಹತ್ತಿರದ ರಾಯಬಾಗ ತಾಲ್ಲೂಕಿನ ಚಿಂಚಲಿಯಲ್ಲಿ ಮಾಯಕ್ಕದೇವಿಯ ಗುಡಿ ಇದೆ. ಭಾರತ ಹುಣ್ಣಿಮೆಯ ಸುಮಾರಿಗೆ, ಫೆಬ್ರುವರಿಯಲ್ಲಿ, ಅಲ್ಲಿ ಜಾತ್ರೆ. ಆಗ ಮಹಾರಾಷ್ಟ್ರದಿಂದ ಬರುವ ಚಕ್ಕಡಿಗಳ ಸಾಲಿನಲ್ಲಿ ರಸ್ತೆ ಕಟ್ಟಿಕೊಳ್ಳುವುದರಿಂದ ರೈಲಿನ ವೇಳೆಗೆ ಎರಡು ತಾಸು ಹೆಚ್ಚಿಗೆ ಇಟ್ಟುಕೊಂಡೇ ಅಥಣಿ ಬಿಡಿ.